ಅಪ್‌ಡೇಟ್: ಸಿಪೈಥಾನ್ ಟೆಸ್ಟ್ ಬೀಳುತ್ತಿದ್ದ ಕಾರಣ ಸಿಕ್ಕಿತು

ಸಿಪೈಥಾನ್ (ಸಿ ಭಾಷೆಯಲ್ಲಿ ಬರೆದ, ಪೈಥಾನಿನ ಮೂಲ ಆವೃತ್ತಿ) ಮೂಲ ಕೋಡಿಗೆ ಸೇರಿಸುತ್ತಿರುವ ಸಿ ಮಾಡ್ಯೂಲಿನ ಟೆಸ್ಟಿನಲ್ಲಿ ಸಿಸ್ಟಮ್‌ಎರರ್ ಬರುತ್ತಿದೆ, ಫಂಕ್ಷನ್ ಫಲಿತಾಂಶವನ್ನೂ ಕೊಟ್ಟು ಎಕ್ಸೆಪ್ಶನ್ನನ್ನೂ (ಎರರ್ ಆಗಿದೆ ಎಂಬ ಸೂಚನೆ) ಉಳಿಸಿಹೋಗಿದೆ ಎನ್ನುತ್ತಿದೆ, ಯಾಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಪೈಥಾನ್ ಪೂರ್ಣಾಂಕವನ್ನು ಸಿ ಪೂರ್ಣಾಂಕವಾಗಿಸುವ ಫಂಕ್ಷನ್ ಪೈಲಾಂಗ್_ಆಸ್‌ಲಾಂಗ್ ವಿಫಲವಾದರೆ -1 ಕೊಡುತ್ತದೆ. ಹಳೇ ಕೋಡು ಅದನ್ನು ಮಾಮೂಲಿ ಸಂಖ್ಯೆ ಎಂದೇ ಬಳಸಿಕೊಂಡು ಮುಂದೆ ಹೋಗುತ್ತಿತ್ತು, ಎಕ್ಸೆಪ್ಶನ್ ಹಾಗೇ ಉಳಿಯುತ್ತಿತ್ತು. ಒಬ್ಬರು ಸೂಚಿಸಿದಂತೆ -1 ಬಂದಾಗಲೆಲ್ಲ ನಲ್ (ಫಲಿತಾಂಶವಿಲ್ಲ ಎನ್ನುವ ಖಾಲಿ ಪಾಯಿಂಟರ್) ಹಿಂತಿರುಗಿಸಿ ನೋಡಿದೆ. ಆಗ ನಿಜಕ್ಕೂ -1 ಅನ್ನೇ ಇನ್‌ಪುಟ್ ಆಗಿ ಕೊಟ್ಟಿದ್ದ ಟೆಸ್ಟ್ ಬಿತ್ತು, ದೂರು ಮಾತ್ರ ತಿರುಗುಮುರುಗು: ನಲ್ ಬಂದಿದೆ, ಎಕ್ಸೆಪ್ಶನ್ ಇಲ್ಲ! ಬಂದ ಸಂಖ್ಯೆ -1 ಆಗಿರಬೇಕು, ಜೊತೆಗೆ ಎಕ್ಸೆಪ್ಶನ್ ಇದೆಯೇ ಎಂದು ನೋಡುವ ಪೈಎರ್_ಆಕರ್ಡ್ ಕೂಡ ಹೌದೆನ್ನಬೇಕು. ಎರಡೂ ಸೇರಿದರೆ ಮಾತ್ರ ಅದು ಎರರ್. ಈಗ -1, 2ರ 100ನೇ ಘಾತ, ಒಂದು ಸ್ಟ್ರಿಂಗ್, ಮೂರಕ್ಕೂ ಬೇರೆ ಬೇರೆ ಟೆಸ್ಟ್ ಇದೆ. ಕೊನೆಯ ಎರಡು ಕ್ರಮವಾಗಿ ಓವರ್‌ಫ್ಲೋಎರರ್, ಟೈಪ್‌ಎರರ್ ಕೊಡುತ್ತವೆ.

ಇದನ್ನು ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಪೈಡಿಕ್ಟ್_ಗೆಟ್‌ಐಟಂ (ಡಿಕ್ಷನರಿಯಲ್ಲಿ ಕೀಲಿಯನ್ನು ಹುಡುಕುವ ಫಂಕ್ಷನ್) ಕೀಲಿಯ ಹ್ಯಾಶ್ (ಹುಡುಕಲು ಬಳಸುವ ಸಂಖ್ಯೆ) ಲೆಕ್ಕದಲ್ಲಿ ಬರುವ ಎರರನ್ನೂ ನುಂಗಿಬಿಡುತ್ತದೆ, ಕೀಲಿಯೇ ಇಲ್ಲವೆಂಬಂತೆ ನಲ್ ಕೊಡುತ್ತದೆ. ನನ್ನ ಪ್ರಕಾರ ಹೊಸ ಕೋಡಿನಲ್ಲಿ ಇದನ್ನು ಬಳಸಲೇಬಾರದು. ಪೈಥಾನ್ 3.13ರಲ್ಲಿ ಬಂದ ಪೈಡಿಕ್ಟ್_ಗೆಟ್‌ಐಟಂರೆಫ್‌ಗೆ ಬದಲಾಯಿಸಿದೆ: ಸಿಕ್ಕರೆ 1, ಇಲ್ಲದಿದ್ದರೆ 0, ಎರರಾದರೆ -1. ಆದರೆ ಇದು ಕೊಡುವುದು ಸ್ವಂತ ರೆಫರೆನ್ಸ್ (ವಸ್ತುವನ್ನು ಮೆಮೊರಿಯಲ್ಲಿ ಉಳಿಸಿಡುವ ಹಿಡಿತ), ಕೆಲಸ ಮುಗಿದ ಮೇಲೆ ಬಿಡಬೇಕು, ಎರರ್ ದಾರಿಯಲ್ಲೂ. ಡೀಬಗ್ ಬಿಲ್ಡಿನಲ್ಲಿ ರೆಫರೆನ್ಸ್ ಸೋರಿಕೆ ಪರೀಕ್ಷೆಯನ್ನೂ ಓಡಿಸಿದೆ, ಸೋರಿಕೆ ಇಲ್ಲ. ಪ್ಯಾಚ್ ರಿವ್ಯೂಗೆ ಹೋಗಿದೆ.