'ಅನಿಸುತಿದೆ ಯಾಕೋ ಇಂದು' ಗ್ಯಾದರಿಂಗ್‌ಗಳಲ್ಲಿ ಇನ್ನೂ ಯಾಕೆ ಬೇಕು?

ಬಿಡ್ಕಿಬೈಲು, ಶಿರಸಿ:
ಈ ಹಾಡಿರುವ 'ಮುಂಗಾರು ಮಳೆ' ಸಿನಿಮಾ ಬಂದದ್ದು 2006ರ ಡಿಸೆಂಬರ್ ಕೊನೆಗೆ. ಈಗ ಕಾಲೇಜಿಗೆ ಹೋಗುವವರು ಆಗ ತೊಟ್ಟಿಲಲ್ಲಿದ್ದರು, ಇಲ್ಲಾ ಹುಟ್ಟಿಯೇ ಇರಲಿಲ್ಲ. ಆದರೂ ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆ-ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಒಬ್ಬರು ಇದನ್ನು ಎತ್ತಿಕೊಂಡರೆ ಸಾಕು, ಪಲ್ಲವಿ ಮುಗಿಯುವುದರೊಳಗೆ ಶಾಮಿಯಾನಕ್ಕೆ ಶಾಮಿಯಾನವೇ ದನಿಗೂಡಿಸುತ್ತದೆ. "ಟ್ಯೂನ್ ಚೆಂದ" ಅನ್ನುವುದೊಂದನ್ನು ಬಿಟ್ಟು ಕಾರಣ ಹೇಳಿ. ಹಾಡುವವರು ಚರಣಕ್ಕೆ ಬಂದಾಗ ಎಡವುವುದು ಯಾಕೆ, ಅದನ್ನೂ.

ಗಂಗಾವಳಿ ದಂಡೆ:
ಬರೆದ ಜಯಂತ ಕಾಯ್ಕಿಣಿ ಗೋಕರ್ಣದವರು ಅಂತ ನಮ್ಮ ಜಿಲ್ಲೆಯವರಿಗೆ ಜಂಬ ಇದ್ದದ್ದೇ, ಅದನ್ನು ಬದಿಗಿಡುವಾ. ಗುಟ್ಟು ಇರುವುದು 'ಹಾಗೆ ಸುಮ್ಮನೆ'ಯಲ್ಲಿ. ನಮ್ಮಲ್ಲಿ "ಎಂತಕ್ಕೆ ಬಂದ್ಯಾ?" ಅಂದರೆ "ಸುಮ್ನೆ" ಅನ್ನುತ್ತಾರಲ್ಲ, ಅದೇ ಸುಮ್ಮನೆ. ಕಾರಣ ಇಲ್ಲ ಅಂತಲ್ಲ, ಬಾಯಿಬಿಟ್ಟು ಹೇಳಲಾರೆ ಅಂತ ಅರ್ಥ. ಮೂರು ಸಲವೂ ಅದಕ್ಕೆ ಮುಂಚೆ ಬರುವ ಬೇಡಿಕೆ ನೋಡಿ. ಪಲ್ಲವಿಯಲ್ಲಿ ಕೊಲ್ಲು, ಮೊದಲ ಚರಣದಲ್ಲಿ ಅಪ್ಪಿಕೋ, ಎರಡನೆಯದರಲ್ಲಿ ಬರೀ ಹೆಸರು ಹಿಡಿದು ಕೂಗು. ಕೇಳುತ್ತಾ ಕೇಳುತ್ತಾ ಬೇಡಿಕೆ ಸಣ್ಣದಾಗುತ್ತದೆ, ಆಸೆ ಮಾತ್ರ ದೊಡ್ಡದಾಗುತ್ತದೆ.

ಇನ್ನು ಚಂದ್ರ ಮೋಡದಲ್ಲಿ ಅಡಗುವುದಿಲ್ಲ, ನಾಚುವುದೂ ಇಲ್ಲ, 'ರಜಾ' ಹಾಕುತ್ತಾನೆ. ಮನಸ್ಸಿನ ಪುಟದಲ್ಲಿ 'ಸಹಿ' ಬೀಳುತ್ತದೆ. ಎರಡೂ ಆಫೀಸಿನ ಮಾತು. ಪ್ರೇಮಗೀತೆಗೆ ಇಂಥ ಪದ ತರುವುದು ಕಷ್ಟವಲ್ಲ, ತಂದದ್ದು ತಮಾಷೆಯಾಗದಂತೆ ನೋಡಿಕೊಳ್ಳುವುದು ಕಷ್ಟ.

ಸದಾಶಿವಗಡ:
ಎರಡನೇ ಚರಣದ ಮೊದಲ ಸಾಲು ಬರೆದು ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ) ಎಣಿಸಿ. ಐದು ಪದ, ಒಂದೊಂದಕ್ಕೂ ಸರಿಯಾಗಿ ನಾಲ್ಕು. ಅದಕ್ಕೇ ಒಮ್ಮೆ ಕೇಳಿದವರಿಗೂ ಬಾಯಿಗೆ ಬರುತ್ತದೆ. ಆ ಸಾಲು 'ಸಿಹಿ'ಗೆ ಮುಗಿದರೆ ಮುಂದಿನದು 'ಸಹಿ'ಗೆ, ನಡುವೆ ಒಂದು ಗುಡಿಸಿನದಷ್ಟೇ ವ್ಯತ್ಯಾಸ. ಮೊದಲ ಚರಣದ ಚಂದ್ರನ ಸಾಲು ಹಾಗಲ್ಲ: ಮೂರು, ನಾಲ್ಕು, ಮೂರು, ನಾಲ್ಕು. ನಡೆ ಬದಲಾದದ್ದು ಗೊತ್ತಾಗದೆ ನಾಲ್ಕರ ಲೆಕ್ಕದಲ್ಲೇ ಓಡಿದರೆ 'ರಜಾ' ನುಂಗಿಹೋಗುತ್ತದೆ. ದನಿ ಮೇಲೇರುವುದೂ ಅಲ್ಲೇ. ಪಲ್ಲವಿ ಆರಾಮಾಗಿ ಬಂತೆಂದು ಶ್ರುತಿ ಹಿಡಿದವರ ಗಂಟಲು ಅಲ್ಲಿ ಸೀಳುತ್ತದೆ. ಚಂದ್ರನ ಸಾಲನ್ನೇ ಮೊದಲು ಹಾಡಿ ನೋಡಿ, ಅದು ತ್ರಾಸಿಲ್ಲದೆ ಬರುವ ಶ್ರುತಿ ಇಟ್ಟುಕೊಳ್ಳಿ. ಕರೋಕೆ ಆದರೆ ಶ್ರುತಿಯನ್ನು ಒಂದೋ ಎರಡೋ ಮೆಟ್ಟಿಲು ಇಳಿಸಿ. 'ಸುಮ್ಮನೆ' ಸಾಲಿನ ತುದಿಗೆ ಬರುತ್ತದೆ, ಅಷ್ಟರೊಳಗೆ ಉಸಿರು ಖಾಲಿ. 'ಹಾಗೆ'ಗೆ ಮುಂಚೆ ಚೂರು ಉಸಿರು ತೆಗೆದುಕೊಂಡು ಮ-ಒತ್ತಿನ ಮೇಲೆ ನಿಲ್ಲಿ. ಸೋನು ನಿಗಮ್ ಅದನ್ನು ಮೆಲ್ಲಗೆ ಹೇಳುತ್ತಾರೆ, ನಮ್ಮವರು ಮೈಕ್ ಸಿಕ್ಕಿದ್ದಕ್ಕೆ ಕೂಗುತ್ತಾರೆ.

ಬೈತಖೋಲ:
ಪದದ ಲೆಕ್ಕ ಸರಿ ಮಾರಾಯ್ರೆ, ಸಿನಿಮಾ ಮರೆತರೆ ಹ್ಯಾಗೆ? ನಾಯಕನಿಗೆ ಹುಡುಗಿ ಸಿಗುವುದಿಲ್ಲ, ತಾನಾಗಿಯೇ ಬಿಟ್ಟುಕೊಡುತ್ತಾನೆ. ಅದು ಗೊತ್ತಿದ್ದು ಕೇಳಿದರೆ ಮೊದಲ ಪದವೇ ಬೇರೆ ಥರ ಕೇಳುತ್ತದೆ. ನೀನು ನನ್ನವಳು ಅಂತ ಅವನು ಸಾಧಿಸುವುದಿಲ್ಲ, ಹಾಗೆ ಅನಿಸುತ್ತಿದೆ, ಅದೂ ಯಾಕೋ, ಅದೂ ಇಂದು.

ಬಿಡ್ಕಿಬೈಲು, ಶಿರಸಿ:
ಮೂರು ಬೇಡಿಕೆಯ ಇಳಿಜಾರು ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಹಾಡುವ ಹುಡುಗರಿಗೆ ಚಂದ್ರನ ಸಾಲಿನಿಂದ ಶುರು ಮಾಡಲು ಹೇಳುತ್ತೇನೆ.