ಹಾರಂಗಿ ಹಿನ್ನೀರು: 25 ಎಚ್‌ಪಿ ಔಟ್‌ಬೋರ್ಡ್ ಫುಲ್ ಥ್ರಾಟಲ್‌ನಲ್ಲಿ ಪುಲ್ಲಿಂಗ್ (ಎಳೆಯುವ ಶಕ್ತಿ) ಕಳ್ಕೊಳ್ತಿದೆ, ಎಲ್ಲಿಂದ ಹುಡುಕೋದು?

ಕುಶಾಲನಗರ ಬೋಟು

ಎಲ್ಲರಿಗೂ ನಮಸ್ಕಾರ. ಹಾರಂಗಿ ಹಿನ್ನೀರಲ್ಲಿ ಓಡುವ 14 ಅಡಿ ಫೈಬರ್ ಬೋಟು. ಮೋಟಾರು ಬೋಟಿನ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್, 25 ಎಚ್‌ಪಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಒಂದೇ ಕಾರ್ಬುರೇಟರ್. ಟ್ಯಾಂಕ್ ಹೊರಗಿನದ್ದು, 24 ಲೀಟರ್. ಆಯಿಲ್ 50ಕ್ಕೆ 1 ಲೆಕ್ಕದಲ್ಲಿ ಪೆಟ್ರೋಲಿಗೇ ಬೆರೆಸೋದು.

ಸ್ಟಾರ್ಟಿಂಗಿಗೆ ತೊಂದರೆ ಇಲ್ಲ. ಐಡ್ಲಿಂಗ್ ಚೆನ್ನಾಗುಂಟು, ಅರ್ಧ ಥ್ರಾಟಲ್‌ನಲ್ಲೂ ತಕರಾರಿಲ್ಲ. ಪೂರ್ತಿ ಕೊಟ್ಟರೆ ನಾಲ್ಕೈದು ನಿಮಿಷ ಚೆನ್ನಾಗಿ ಎಳೆದು, ಆಮೇಲೆ ಸದ್ದು ಕುಗ್ಗಿ ಆರ್‌ಪಿಎಂ ಅರ್ಧಕ್ಕೆ ಇಳೀತದೆ. ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಮತ್ತೆ ಸರಿಯಾಗಿ, ಮತ್ತೆ ಬೀಳ್ತದೆ. ಎರಡೂ ಪ್ಲಗ್ ಹೊಸದು ಹಾಕಿ ಆಯ್ತು. ಕೂಲಿಂಗ್ ನೀರಿನ ಧಾರೆ ಜೋರಾಗಿಯೇ ಬರ್ತಿದೆ, ಕೈ ಸುಡುವಷ್ಟು ಬಿಸಿ ಇಲ್ಲ.

ಮಳೆಗಾಲದಲ್ಲಿ ಕಾವೇರಿ ಏರಿದರೆ ಇದೇ ಬೋಟು ಕರಡಿಗೋಡು ಕಡೆ ಜನರನ್ನು ದಾಟಿಸಲಿಕ್ಕೂ ಹೋಗಬೇಕು. ಹರಿವ ನೀರಲ್ಲಿ ಹೀಗೆ ಕೈಕೊಟ್ಟರೆ ದೊಡ್ಡ ಅಪಾಯ. ಜೂನ್‌ಗೆ ಮುಂಚೆ ಸರಿಯಾಗಲೇಬೇಕು. ಕಾರ್ಬುರೇಟರ್ ಬಿಚ್ಚಿಸೋದಾ, ಇಲ್ಲ ಮಂಗಳೂರಿಗೆ ಕಳಿಸೋದಾ?

ಮಲ್ಪೆ ಮೆಕ್ಯಾನಿಕ್

ಅಣ್ಣ, ಮೊದಲು ಒಂದು ಮಾತು: ಫುಲ್ ಥ್ರಾಟಲ್ ಕೊಟ್ಟು ಮತ್ತೆ ಮತ್ತೆ ಟೆಸ್ಟ್ ಮಾಡೋದನ್ನು ಇವತ್ತೇ ನಿಲ್ಲಿಸಿ. ಟೂ ಸ್ಟ್ರೋಕಲ್ಲಿ ಪಿಸ್ಟನ್‌ಗೆ ಆಯಿಲ್ ಹೋಗೋದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿಯಾಯ್ತು ಅಂದರೆ ಆಯಿಲೂ ಕಮ್ಮಿ. ಅದೂ ಎಂಜಿನ್ ಅತಿ ಹೆಚ್ಚು ಬಿಸಿ ಇರುವ ಹೊತ್ತಲ್ಲಿ. ಇನ್ನೂರು ರೂಪಾಯಿಯ ಪೈಪ್ ಕೆಲಸ ಪಿಸ್ಟನ್ ಸೀಜ್ ಆಗುವಲ್ಲಿಗೆ ಮುಟ್ಟೋದು ಹೀಗೆಯೇ.

ನೀವು ಬರೆದದ್ದು ನೋಡಿದರೆ ಪೆಟ್ರೋಲ್ ಸಾಲದೆ ಬರುವ ಲಕ್ಷಣ. 25 ಎಚ್‌ಪಿ ಟೂ ಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 10ರಿಂದ 12 ಲೀಟರ್ ಕುಡೀತದೆ, ಐಡ್ಲಿಂಗ್‌ನಲ್ಲಿ ಅದರ ಹತ್ತನೇ ಒಂದು ಪಾಲೂ ಬೇಡ. ಹಾಗಾಗಿ ದಾರಿಯಲ್ಲಿ ಅರ್ಧಂಬರ್ಧ ಅಡ್ಡಿ ಇದ್ದರೂ ನಿಧಾನ ಓಡಿಸುವಾಗ ಗೊತ್ತೇ ಆಗೋದಿಲ್ಲ. ಕಾರ್ಬುರೇಟರ್‌ಗೆ ಸದ್ಯ ಕೈ ಹಾಕಬೇಡಿ. ಅದರೊಳಗಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿದ್ದರೆ ಪೂರ್ತಿ ಥ್ರಾಟಲ್ ಕೊಟ್ಟ ಕೂಡಲೇ ಗೊತ್ತಾಗ್ತದೆ, ಐದು ನಿಮಿಷ ಕಾಯೋದಿಲ್ಲ.

ಕೊನೆಯದಾಗಿ ಒಂದೇ ಸಲ ಓಡಿಸಿ ನೋಡಿ. ಇಬ್ಬರು ಬೇಕು, ಲೈಫ್ ಜಾಕೆಟ್ ಹಾಕಿ, ಕಿಲ್ ಸ್ವಿಚ್ಚಿನ (ಎಂಜಿನ್ ನಿಲ್ಲಿಸುವ ಸ್ವಿಚ್) ದಾರ ಓಡಿಸುವವರ ಕೈಗೆ ಕಟ್ಟಿರಲಿ. ಇನ್ನೊಬ್ಬರು ಪೆಟ್ರೋಲ್ ಪೈಪಿನ ಪ್ರೈಮರ್ ಬಲ್ಬ್ (ಕೈಯಲ್ಲಿ ಒತ್ತುವ ರಬ್ಬರ್ ಉಂಡೆ) ಹಿಡಿದು ಕೂರಲಿ. ಪುಲ್ಲಿಂಗ್ ಬಿದ್ದ ತಕ್ಷಣ ಬಲ್ಬ್ ಹೇಗುಂಟು ನೋಡಬೇಕು.

ಬಲ್ಬ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಅಡ್ಡಿ ಇರೋದು ಬಲ್ಬಿಗಿಂತ ಹಿಂದೆ, ಟ್ಯಾಂಕ್ ಕಡೆ: ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಒಳಗೆ ಬಿಡುವ ಏರ್ ಸ್ಕ್ರೂ, ಟ್ಯಾಂಕ್ ಒಳಗೆ ಪೆಟ್ರೋಲ್ ಎಳೆಯುವ ಪಿಕಪ್ ಪೈಪಿನ ಜಾಲರಿ, ಟ್ಯಾಂಕಿನ ಕನೆಕ್ಟರ್, ಇಲ್ಲ ಅಲ್ಲಿಂದ ಬಲ್ಬಿನವರೆಗಿನ ಪೈಪು. ಕೂಡಲೇ ಮುಚ್ಚಳ ಸಡಿಲಿಸಿ. ಉಸ್ಸಂತ ಗಾಳಿ ಒಳಗೆ ಹೋಗಿ ಮೋಟಾರು ಎದ್ದರೆ ಏರ್ ಸ್ಕ್ರೂನದೇ ತಕರಾರು.

ಬಲ್ಬ್ ಚಪ್ಪಟೆಯಾಗದೆ ಮೆತ್ತಗಾಗಿದ್ದು, ಕೈಯಲ್ಲಿ ಒತ್ತುತ್ತಾ ಇದ್ದರೆ ಎಂಜಿನ್ ಚೇತರಿಸಿಕೊಂಡರೆ ಎರಡರಲ್ಲಿ ಒಂದು. ಫ್ಯೂಯೆಲ್ ಪಂಪಿನ ಡಯಾಫ್ರಂ (ಒಳಗಿನ ಪೊರೆ) ಗಟ್ಟಿಯಾಗಿದೆ ಅಥವಾ ಹರಿದಿದೆ, ಇಲ್ಲವೆ ಕನೆಕ್ಟರಿನ ಓ-ರಿಂಗ್ ಬಿರಿದು ಗಾಳಿ ಎಳೀತಿದೆ. ಪಂಪಿನ ಹತ್ತಿರ ಒಂದಡಿ ಪಾರದರ್ಶಕ ಪೆಟ್ರೋಲ್ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣ್ತದೆ.

ಬಲ್ಬ್ ಗಟ್ಟಿಯಾಗಿಯೇ ಇದ್ದು ಪುಲ್ಲಿಂಗ್ ಬಿದ್ದರೆ ಮಾತ್ರ ಕಾರ್ಬುರೇಟರ್ ಅಥವಾ ಕರೆಂಟ್ ಕಡೆ ನೋಡಿ.

ಸುಂಟಿಕೊಪ್ಪ ಗ್ಯಾರೇಜ್

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೇನೆ. ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾದಾಗ ಕೈಕೊಡೋದೂ ಹೆಚ್ಚುಕಮ್ಮಿ ಹೀಗೇ ಕಾಣ್ತದೆ. ಆದರೆ ಆಗ ಒಂದು ಸಿಲಿಂಡರ್ ಸತ್ತು ಎಂಜಿನ್ ನಡುಗ್ತದೆ, ಆ ಕಡೆಯ ಪ್ಲಗ್ ಒದ್ದೆಯಾಗಿ ಕಪ್ಪಾಗಿರ್ತದೆ, ಮತ್ತೆ ಎರಡೇ ನಿಮಿಷದಲ್ಲಿ ಸರಿಯೂ ಆಗೋದಿಲ್ಲ. ಕಾಯಿಲ್ ತಣಿಯಲಿಕ್ಕೆ ಹೊತ್ತು ಬೇಕು. ಅನುಮಾನ ಇದ್ದರೆ ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ. ಓಡುವ ಎಂಜಿನ್ನಿನ ಪ್ಲಗ್ ಕ್ಯಾಪ್ ಕೈಯಲ್ಲಿ ಕೀಳಬೇಡಿ, ಹೊಡೆತವೂ ಬೀಳ್ತದೆ, ಸಿಡಿಐ (ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಯೂನಿಟ್) ಕೂಡ ಹೋಗ್ತದೆ.

ಇನ್ನೊಂದು: ಪುಲ್ಲಿಂಗ್ ಬೀಳುವಾಗ ಆರ್‌ಪಿಎಂ ಏರಿದ್ದರೆ ಅದು ಪ್ರೊಪೆಲ್ಲರ್ ಹಬ್ಬಿನ ರಬ್ಬರ್ ಜಾರೋದು, ಅಥವಾ ಫ್ಯಾನಿಗೆ (ಪ್ರೊಪೆಲ್ಲರಿಗೆ) ಜೊಂಡು ಸುತ್ತಿ ಗಾಳಿ ಎಳೆಯೋದು. ನಿಮ್ಮದು ಇಳೀತದೆ, ಹಾಗಾಗಿ ಅದು ಅಲ್ಲ.

ಕುಶಾಲನಗರ ಬೋಟು

ತುಂಬಾ ಉಪಕಾರ ಆಯ್ತು. ಒಂದೇ ಸಲ ಓಡಿಸಿ ನೋಡಿದೆವು. ಬಲ್ಬ್ ಚಪ್ಪಟೆ, ಎರಡು ಬದಿ ಒಂದಕ್ಕೊಂದು ಅಂಟಿಕೊಂಡ ಹಾಗೆ. ಒತ್ತಿ ಬಿಟ್ಟರೂ ನಿಧಾನಕ್ಕೆ ಉಬ್ಬುತ್ತದೆ. ಮುಚ್ಚಳ ತೆಗೆದರೂ ವ್ಯತ್ಯಾಸ ಇಲ್ಲ, ಗಾಳಿ ಸದ್ದೂ ಬರಲಿಲ್ಲ. ಟ್ಯಾಂಕಲ್ಲಿರುವ ಪೆಟ್ರೋಲ್ ಹಿಂದಿನ ಮಳೆಗಾಲದಿಂದ ಉಳಿದದ್ದರ ಮೇಲೆಯೇ ತುಂಬಿಸಿದ್ದು.

ಮಲ್ಪೆ ಮೆಕ್ಯಾನಿಕ್

ಹಾಗಾದರೆ ಪಿಕಪ್ ಜಾಲರಿ ನೋಡಿ. ಟ್ಯಾಂಕ್ ಮೇಲಿನ ಸ್ಕ್ರೂಗಳನ್ನು ಬಿಚ್ಚಿದರೆ ಪಿಕಪ್ ಪೈಪ್ ಇಡಿಯಾಗಿ ಮೇಲೆ ಬರ್ತದೆ, ತುದಿಯಲ್ಲಿ ಸಣ್ಣ ಜಾಲರಿ ಇರ್ತದೆ. ಟ್ಯಾಂಕ್ ತಳದ ಲೋಳೆ ಜೋರು ಎಳೆತಕ್ಕೆ ಸ್ವಲ್ಪ ಸ್ವಲ್ಪವೇ ಬಂದು ಅದಕ್ಕೆ ಅಂಟಿಕೊಳ್ತದೆ, ಎಳೆತ ಕಮ್ಮಿಯಾದ ಕೂಡಲೇ ಕಳಚಿ ಬೀಳ್ತದೆ. ಐದು ನಿಮಿಷ ಓಡಿ, ಎರಡು ನಿಮಿಷ ಬಿಟ್ಟರೆ ಮತ್ತೆ ಸರಿಯಾಗುವ ಆಟ ಅದರದ್ದೇ ಇರಬೇಕು. ಜೊತೆಗೆ ಪೈಪನ್ನೂ ಬದಲಾಯಿಸಿ. ಹಳೆ ಪೈಪಿನ ಒಳಪದರ ಎಥೆನಾಲ್‌ಗೆ ಎದ್ದು ಬಂದು ಒಳಗೇ ಅಡ್ಡ ಮಡಚಿಕೊಳ್ತದೆ, ಹೊರಗಿಂದ ಏನೂ ಗೊತ್ತಾಗೋದಿಲ್ಲ. ಹೊಸ ಬಲ್ಬ್ ಹಾಕುವಾಗ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಮಡಿಕೇರಿ ರೆಸ್ಕ್ಯೂ

ಆ ಹಳೆ ಪೆಟ್ರೋಲನ್ನು ದಯವಿಟ್ಟು ಮತ್ತೆ ಬಳಸಬೇಡಿ. ಈಗ ಬಂಕಲ್ಲಿ ಸಿಗೋದರಲ್ಲಿ ಶೇ 20ರವರೆಗೆ ಎಥೆನಾಲ್ ಉಂಟು. ಹೆಚ್ಚಿನ ಔಟ್‌ಬೋರ್ಡ್ ಮ್ಯಾನುಯಲ್‌ಗಳು ಶೇ 10ಕ್ಕೇ ಮಿತಿ ಹಾಕ್ತವೆ. ಎಥೆನಾಲ್ ಗಾಳಿಯ ತೇವ ಹೀರ್ತದೆ, ನಮ್ಮ ಮಳೆಗಾಲದ ಗಾಳಿ ಹೇಗಿರ್ತದೆ ಅಂತ ಹೇಳಬೇಕಾಗಿಲ್ಲ. ಒಂದು ಮಟ್ಟ ದಾಟಿದ ಮೇಲೆ ನೀರೂ ಎಥೆನಾಲೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳೀತವೆ. ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಲ್ಲೇ ಉಳೀತದೆ. ಪಿಕಪ್ ಎಳೆಯೋದು ತಳದಿಂದ. ಅಂದರೆ ಆಯಿಲ್ ಇಲ್ಲದ ಭಾಗವೇ ಮೊದಲು ಎಂಜಿನ್ನಿಗೆ ಹೋಗ್ತದೆ.

ತಳದಿಂದ ಅರ್ಧ ಲೀಟರ್ ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನಡುವೆ ಗೆರೆ ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡಿ. ಹೊಳೆಗೆ, ತೋಟಕ್ಕೆ ಚೆಲ್ಲಬೇಡಿ. ಬಲ್ಬಿಗಿಂತ ಹಿಂದೆ 10 ಮೈಕ್ರಾನಿನ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಬೆರೆಸಿದ ಪೆಟ್ರೋಲ್ ತಿಂಗಳಿಗಿಂತ ಹೆಚ್ಚು ಇಡಬೇಡಿ. ಆಯಿಲ್ ಟಿಸಿ-ಡಬ್ಲ್ಯೂ3 (ನೀರಿನಲ್ಲಿ ತಣಿಯುವ ಟೂ ಸ್ಟ್ರೋಕ್ ಎಂಜಿನ್ನಿನ ದರ್ಜೆ) ಅಂತ ಬರೆದದ್ದೇ ಆಗಬೇಕು, 20 ಲೀಟರಿಗೆ 400 ಎಂಎಲ್. ಬೈಕಿನ 2ಟಿ ಆಯಿಲ್ ಗಾಳಿಯಲ್ಲಿ ತಣಿಯುವ ಎಂಜಿನ್ನಿಗೆ ಮಾಡಿದ್ದು. ಅದನ್ನು ಹಾಕಿದರೆ ಪ್ಲಗ್ಗಿನಲ್ಲೂ ಪಿಸ್ಟನ್ ರಿಂಗಿನಲ್ಲೂ ಬೂದಿ ಕಟ್ಟುತ್ತದೆ.

ಕುಶಾಲನಗರ ಬೋಟು

ಜಾಲರಿ ತುಂಬಾ ಬಿಳಿಚಿದ ಲೋಳೆ, ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಬೇರೆ ಪದರ! ಟ್ಯಾಂಕ್ ತೊಳೆದು ಒಣಗಿಸಿ, ಪೈಪ್, ಬಲ್ಬ್, ಓ-ರಿಂಗ್ ಎಲ್ಲಾ ಹೊಸದು ಹಾಕಿ, ಹೊಸ ಪೆಟ್ರೋಲ್ ತುಂಬಿಸಿದೆವು. ಈಗ ಪುಲ್ಲಿಂಗ್ ಬೀಳ್ತಿಲ್ಲ. ಆದರೆ ನಾಲ್ಕು ಜನ ಕೂತರೆ ಫುಲ್ ಥ್ರಾಟಲ್‌ನಲ್ಲಿ 4,700 ಆರ್‌ಪಿಎಂ ದಾಟೋದಿಲ್ಲ. ಮ್ಯಾನುಯಲ್ 5,000ದಿಂದ 6,000 ಹೇಳ್ತದೆ. ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕ) 12 ಇಂಚು.

ಮಲ್ಪೆ ಮೆಕ್ಯಾನಿಕ್

ಅದು ಬೇರೆಯೇ ವಿಷಯ ಅಣ್ಣ. ಹಾರಂಗಿ ತುಂಬಿದಾಗ ನೀರಿನ ಮಟ್ಟ 2,859 ಅಡಿ. ಸಾವಿರ ಅಡಿ ಮೇಲೇರಿದರೆ ಸುಮಾರು ಶೇ 3ರಷ್ಟು ಶಕ್ತಿ ಕಮ್ಮಿ, ಗಾಳಿ ತೆಳು. ನಮ್ಮ ಮಲ್ಪೆಯಲ್ಲಿ 25 ಕೊಡುವ ಮೋಟಾರು ನಿಮ್ಮಲ್ಲಿ 23ರ ಆಸುಪಾಸು ಕೊಡ್ತದೆ. ಕಡಲಿನ ಲೆಕ್ಕದ ಪ್ರೊಪೆಲ್ಲರ್ ಅದಕ್ಕೆ ಭಾರ. ಪಿಚ್ ಒಂದಿಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರ್ತದೆ. 10ರ ಪಿಚ್ ಹಾಕಿ, 5,000 ದಾಟೀತು. ಪ್ರವಾಹದಲ್ಲಿ ಜನ ತುಂಬಿಸಿ ಹರಿವಿಗೆ ಎದುರು ಹೋಗಲಿಕ್ಕೂ ಕಮ್ಮಿ ಪಿಚ್ಚೇ ಒಳ್ಳೆಯದು. ಫ್ಯಾನ್ ಬಿಚ್ಚಿದಾಗ ಶಾಫ್ಟಿಗೆ ಬಲೆಯ ನೂಲು ಸುತ್ತಿದೆಯಾ ನೋಡಿ, ಅದು ಸೀಲ್ ಕತ್ತರಿಸ್ತದೆ. ಗೇರ್ ಆಯಿಲ್ ಹಾಲಿನ ಹಾಗೆ ಬಿಳಿಯಾಗಿದ್ದರೆ ನೀರು ಒಳಗೆ ಹೋಗಿದೆ ಅಂತಲೇ ಲೆಕ್ಕ.

ಅದಕ್ಕೂ ಮುಂಚೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಒಂದು ಗೇಜ್ ಹಾಕಿ ನೋಡಿಸಿಬಿಡಿ, ಆಯಿಲ್ ಸಾಲದೆ ಅಷ್ಟು ಸಲ ಓಡಿದ ಎಂಜಿನ್. ಬಿಸಿ ಇರುವಾಗಲೇ ಎರಡೂ ಪ್ಲಗ್ ತೆಗೆದು, ಕಿಲ್ ಸ್ವಿಚ್ಚಿನ ದಾರ ಕಿತ್ತು, ಪ್ಲಗ್ ವೈರುಗಳನ್ನು ಬಾಡಿಗೆ ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಹಗ್ಗ ಎಳೆಯಿರಿ. ಎರಡು ಸಿಲಿಂಡರಿನ ಒತ್ತಡದ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ತೆಗೆದ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯಂಥ ಸಣ್ಣ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಆಗ ಹೆಡ್ ಬಿಚ್ಚದೆ ಆ ಬೋಟನ್ನು ಕರಡಿಗೋಡಿಗೆ ಕಳಿಸಬೇಡಿ.