ಕಾಗೆಬಂಗಾರದ ಮೇಲಿನ ಮೊಹರಂ ಚಿತ್ರಗಳು: ಬಣ್ಣ ಉದುರದಂತೆ ಇಡುವುದು ಹೇಗೆ?

ಹಳೇಕಾಗದ:
ಕಾಗೆಬಂಗಾರದ (ಅಭ್ರಕ, ಮೈಕಾ) ಹಾಳೆಗಳ ಮೇಲೆ ಬರೆದ ಆರು ಚಿತ್ರಗಳಿವೆ, ಒಂದೊಂದೂ ಅಂಗೈಯಗಲ. 19ನೇ ಶತಮಾನದವಿರಬೇಕು. ಒಂದರಲ್ಲಿ ತಾಜಿಯಾ ಹೊತ್ತವರು, ಇನ್ನೊಂದರಲ್ಲಿ ಸವಾರನಿಲ್ಲದ ಬಿಳಿ ಕುದುರೆ. ಕುದುರೆಯ ಜೀನಿನ ಕೆಂಪು ಚಕ್ಕೆ ಏಳುತ್ತಿದೆ. ಹಾಳೆಯ ಮೂಲೆಯಲ್ಲಿ ಕಾಮನಬಿಲ್ಲಿನಂಥ ಬಳೆಗಳು ಕಾಣುತ್ತವೆ. ಯಾವ ಊರಿನ ಕೆಲಸ? ಗೋಂದು ಹಚ್ಚಿ ಬಣ್ಣ ಕೂರಿಸಬಹುದೇ?

ಕುಂಚ:
ಮೊಹರಂ ಇದೆ ಅಂದಮಾತ್ರಕ್ಕೆ ಊರು ಗೊತ್ತಾಗುವುದಿಲ್ಲ. ಮುರ್ಷಿದಾಬಾದ್, ಪಟ್ನಾ, ಬನಾರಸ್, ತಿರುಚಿರಾಪಳ್ಳಿ, ನಾಲ್ಕೂ ಕಡೆ ಬ್ರಿಟಿಷರಿಗೆ ಮಾರಲು ಇಂಥ ಕಟ್ಟುಗಳನ್ನು ಬರೆಯುತ್ತಿದ್ದರು. ಪೇಟ ಸುತ್ತಿದ ರೀತಿ, ಹೆಂಗಸರು ಸೀರೆ ಉಟ್ಟ ಬಗೆ, ವಾದ್ಯಗಳು, ಇವನ್ನು ಮೊದಲು ನೋಡಿ. ಹಿಂಬದಿಯ ಹಳೆಯ ಕಾಗದದಲ್ಲಿ ಬರಹವಿದ್ದರೆ ಕೀಳಬೇಡಿ. ಅಲ್ಲಿ ‘ಟಾಲ್ಕ್’ ಎಂದಿದ್ದರೂ ಗಾಬರಿ ಬೇಡ, ಆಗಿನ ಇಂಗ್ಲಿಷರು ಕಾಗೆಬಂಗಾರಕ್ಕೆ ಹಾಗೇ ಹೇಳುತ್ತಿದ್ದರು.

ಆ ಕುದುರೆ ದುಲ್‌ದುಲ್, ಅಂದರೆ ಮೊಹರಂ ಮೆರವಣಿಗೆಯಲ್ಲಿ ಪ್ರವಾದಿಯ ಮೊಮ್ಮಗ ಹುಸೇನರ ಕುದುರೆಯ ನೆನಪಿಗೆ ನಡೆಸುವ ಕುದುರೆ. ಮೈಮೇಲಿನ ಬಟ್ಟೆಯಲ್ಲಿ ಕೆಂಪು ಚುಕ್ಕೆ, ನಾಟಿದ ಬಾಣ ಇವೆಯೇ ನೋಡಿ: ಹುಸೇನರು ಮಡಿದ ಕರ್ಬಲಾ ಕಾಳಗದ ರಕ್ತ ಅದು. ಮುಂದೆ ಹಿಡಿದ ಕಂಬದ ತುದಿಯಲ್ಲಿ ಕೈಯ ಆಕಾರವಿದ್ದರೆ, ನಮ್ಮ ಕಡೆ ಅಲಾಯಿ ಹಬ್ಬ ಕಂಡವರಿಗೆ ಹೇಳಬೇಕಿಲ್ಲ, ಅದೇ ಪಂಜಾ. ತಾಜಿಯಾ ಎಂದರೆ ಹುಸೇನರ ಗೋರಿಯ ಮಾದರಿ. ಬಿದಿರು ಸೀಳಿನ ಚೌಕಟ್ಟಿಗೆ ಬಣ್ಣದ ಕಾಗದ ಸುತ್ತಿ, ಹೊಳಪಿಗೆ ಕಾಗೆಬಂಗಾರವನ್ನೇ ಅಂಟಿಸುತ್ತಿದ್ದರು. ಮೆರವಣಿಗೆಯಲ್ಲಿ ಮಿನುಗುತ್ತಿದ್ದ ವಸ್ತುವಿನ ಮೇಲೇ ಆ ಮೆರವಣಿಗೆ ಚಿತ್ರವಾಗಿದೆ. ಈ ಕಟ್ಟಿನಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದೇ.

ರಟ್ಟುಪಟ್ಟಿ:
ಗೋಂದು ಖಂಡಿತ ಬೇಡ. ಕಾಗದವಾದರೆ ಬಣ್ಣವನ್ನು ಹೀರಿ ಹಿಡಿದುಕೊಳ್ಳುತ್ತದೆ. ಕಾಗೆಬಂಗಾರ ಒಂದಿಷ್ಟೂ ಹೀರುವುದಿಲ್ಲ. ಬಣ್ಣ ಬರೀ ಮೇಲೆ ಕೂತಿರುತ್ತದೆ. ಅದರೊಳಗಿನ ಗೋಂದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಹಾಳೆ ಮಾತ್ರ ಇದ್ದಹಾಗೇ ಇರುತ್ತದೆ. ದಪ್ಪಗೆ ಬಳಿದ ಕಡೆಯೇ ಮೊದಲು ಚಕ್ಕೆ ಏಳುವುದು ಅದಕ್ಕೆ.

ಕಾಮನಬಿಲ್ಲಿನ ಬಳೆಗಳು ಬಣ್ಣದ ದೋಷವಲ್ಲ. ಕಾಗೆಬಂಗಾರದ ಪದರಗಳು ಬಿಟ್ಟು ನಡುವೆ ಗಾಳಿ ಹೊಕ್ಕಿದೆ. ಒತ್ತಿ ಗಾಳಿ ತೆಗೆಯಲು ಹೋದರೆ ಸೀಳು ಒಳಕ್ಕೆ ಓಡುತ್ತದೆ. ನೀರು ತಾಗಿದರೆ ಅದೇ ಸಂದಿಯಲ್ಲಿ ಎಳೆದುಕೊಳ್ಳುತ್ತದೆ. ಸೆಲೊಟೇಪ್ ಹಾಕಿದರೆ ಕೀಳುವಾಗ ಒಂದು ಪದರ ಬಣ್ಣದ ಸಮೇತ ಬರುತ್ತದೆ.

ಈಗ ಮಾಡಬೇಕಾದ್ದು: ಹಾಳೆಯನ್ನು ಬೆರಳಿಂದ ಎತ್ತದೆ ರಟ್ಟಿನ ಮೇಲೆ ಜಾರಿಸಿ. ಆಮ್ಲರಹಿತ ರಟ್ಟಿನಲ್ಲಿ ಕಿಟಕಿ ಕತ್ತರಿಸಿ, 3 ಮಿ.ಮೀ. ಆಳ ಇರಲಿ, ಗಾಜು ಬಣ್ಣಕ್ಕೆ ತಾಗಬಾರದು. ಅಂಚುಗಳನ್ನು ತೆಳು ಜಪಾನೀ ಕಾಗದದ ಪಟ್ಟಿಯಿಂದ ತಡೆಹಿಡಿಯಿರಿ. ಅಂಟನ್ನು ಪಟ್ಟಿಗೂ ರಟ್ಟಿಗೂ ಮಾತ್ರ ಹಚ್ಚಿ, ಹಾಳೆಗೆ ಬೇಡ. ಪ್ಲಾಸ್ಟಿಕ್ ಲಕೋಟೆ ಬೇಡ, ಅದರ ಸ್ಥಿರ ವಿದ್ಯುತ್ತು ಚಕ್ಕೆಗಳನ್ನು ಎಳೆದುಕೊಳ್ಳುತ್ತದೆ. ಅಡ್ಡ ಮಲಗಿಸಿ ಇಡಿ, ತೇವಾಂಶ 50% ಆಸುಪಾಸು, ಬೆಳಕು 50 ಲಕ್ಸ್ ಮೀರದಿರಲಿ. ಎದ್ದ ಕೆಂಪನ್ನು ಕೂರಿಸುವುದು ಸೂಕ್ಷ್ಮದರ್ಶಕದಡಿ ಕೆಲಸ ಮಾಡುವ ಸಂರಕ್ಷಕರಿಗೆ ಬಿಡಿ.

ಕುಂಚ:
ಇನ್ನೊಂದು. ಆರರಲ್ಲಿ ಯಾವುದಕ್ಕಾದರೂ ಮುಖವೇ ಇಲ್ಲದಿದ್ದರೆ ಉದುರಿಹೋಯಿತೆಂದು ತಿಳಿಯಬೇಡಿ. ಒಂದು ರಟ್ಟಿನ ಮೇಲೆ ತಲೆ ಬರೆದು, ಬರೀ ಉಡುಪು ಬರೆದ ಕಾಗೆಬಂಗಾರದ ಹಾಳೆಗಳನ್ನು ಒಂದೊಂದಾಗಿ ಅದರ ಮೇಲಿಟ್ಟು ನೋಡುವ ಕಟ್ಟುಗಳೂ ಇದ್ದವು. ಮುಖದ ಜಾಗ ಖಾಲಿ ಬಿಟ್ಟಿರುವುದು ಬೇಕೆಂದೇ. ಆ ರಟ್ಟು ಪೆಟ್ಟಿಗೆಯ ತಳದಲ್ಲಿ ಉಳಿದಿದೆಯೇ, ಹುಡುಕಿ.